ಕೋಮಲ ಗಾಂಧಾರದ ಅಡ್ಡಗೆರೆ

ಮೊದಲು ಸೊಟ್ಟಗಾದದ್ದು ತಾಳದ ಗೆರೆ. ಹಾರ್ಮೋನಿಯಂ ಮುಂದೆ ಸ್ವರ ಬರೆದ ಹಾಳೆ ಇಟ್ಟುಕೊಂಡು ಕೂತಿದ್ದೆ. ಸ್ವರಗಳನ್ನು ನಾಲ್ಕು ನಾಲ್ಕು ಮಾತ್ರೆಗೆ ಬೇರೆ ಮಾಡಲು ಮೇಲಿಂದ ಕೆಳಗೆ ಒಂದು ಗೆರೆ ಎಳೆದಿರುತ್ತದೆ. ಆ ಗೆರೆ ನಡುವಿನಲ್ಲಿ ಹೊಟ್ಟೆ ಬಂದವರ ಹಾಗೆ ಉಬ್ಬಿತ್ತು. ನನಗೆ ಸಿಟ್ಟು ಬಂದದ್ದು ಪ್ರಿಂಟರಿನ ಮೇಲೆ.

“ಏನ್ರಿ, ನಿಮ್ಮ ಪ್ರಿಂಟರ್ ಗೆರಿ ಸೊಟ್ಟ ಹೊಡ್ಯಾಕತ್ತೇತಿ ನೋಡ್ರಿ.”

ನಮ್ಮ ಮನೆಯವರು ನೀರಾವರಿ ಇಲಾಖೆಯಲ್ಲಿ ಕಾಲುವೆಗಳ ನಕ್ಷೆ ಬರೆದು ನಿವೃತ್ತರಾದವರು. ಗೆರೆಯ ವಿಷಯಕ್ಕೆ ನಮ್ಮ ಮನೆಯಲ್ಲಿ ಅವರೇ ಸುಪ್ರೀಂ ಕೋರ್ಟು. ಹಾಳೆ ತೆಗೆದುಕೊಂಡು, ಮೇಜಿನ ಖಾನೆಯಿಂದ ಸ್ಕೇಲು ತಂದು, ಗೆರೆಗೆ ಹೊಂದಿಸಿ ಇಟ್ಟು ನೋಡಿದರು.

“ಗೆರಿ ನೆಟ್ಟಗ ಐತಿ. ನಿನ್ನ ಚಾಳೀಸ ಕೆಟ್ಟೈತಿ, ಪ್ರಿಂಟರಿಗೆ ಯಾಕ ಬೈತಿ?”

ಕನ್ನಡಕದ ಅಂಗಡಿಗೆ ಹೋಗಿ ಚಾಳೀಸು ಬದಲಿಸಿದೆ. ಹೊಸ ಚಾಳೀಸಿನಲ್ಲಿ ಸೊಟ್ಟ ಗೆರೆ ಇನ್ನೂ ಸ್ವಚ್ಛವಾಗಿ ಸೊಟ್ಟ ಕಂಡಿತು. ಆಮೇಲೊಂದು ಬೆಳಿಗ್ಗೆ ಎಡಗಣ್ಣಿಗೆ ಏನೋ ಬಿದ್ದಿತೆಂದು ಉಜ್ಜುತ್ತ, ಬಲಗಣ್ಣೊಂದರಿಂದ ಎದುರಿಗೆ ಕೂತ ಮನೆಯವರನ್ನು ನೋಡಿದೆ. ಎರಡೂ ಕಿವಿ ಇದ್ದವು, ಬೋಳುತಲೆ ಇತ್ತು, ಕೈಯಲ್ಲಿ ಚಹಾದ ಕಪ್ಪಿತ್ತು. ಮುಖ ಇರಲಿಲ್ಲ. ಮುಖ ಇರಬೇಕಾದಲ್ಲಿ ಜೋಳದ ಹಿಟ್ಟಿನ ಕೈ ಒತ್ತಿದ ಹಾಗೆ ಒಂದು ಮಸುಕು. ಎಡಗಣ್ಣಿನಿಂದ ಕೈ ತೆಗೆದೆ, ಮುಖ ಬಂತು. ಮತ್ತೆ ಮುಚ್ಚಿದೆ, ಹೋಯಿತು. ಅವರು ನಗುತ್ತ, “ಏನ ಈ ವಯಸ್ಸಿನಾಗ ಕಣ್ಣ ಹೊಡ್ಯಾಕತ್ತಿ?” ಎಂದರು. ನನಗೆ ನಗು ಬರಲಿಲ್ಲ.

ನಾನು ಗಿರಿಜಾ. ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಸಂಗೀತ ಕಲಿಸಿ ನಿವೃತ್ತಳಾದವಳು. ಈಗ ನನ್ನ ಪಾಲಿಗೆ ಉಳಿದಿರುವ ಸಂಗೀತ ಎಂದರೆ ನಮ್ಮ ಓಣಿಯ ಹೆಂಗಸರ ಹಾಡಿನ ಮಂಡಳಿ. ಪ್ರತಿ ಗುರುವಾರ ಸಂಜೆ ಕಮಲಾ ವೈನಿಯ ಮನೆಯ ಹಾಲಿನಲ್ಲಿ ಸೇರುತ್ತೇವೆ. ನಾನು ಹಾರ್ಮೋನಿಯಂ ಪೇಟಿ ಬಾರಿಸುತ್ತ ಹಾಡುತ್ತೇನೆ; ಉಳಿದವರು ಕೈಯಲ್ಲಿ ಸ್ವರಲಿಪಿಯ ಹಾಳೆ ಹಿಡಿದು ಹಾಡುತ್ತಾರೆ. ಹಾಳೆ ನೋಡದೆ ಹಾಡಿದರೆ ಒಬ್ಬೊಬ್ಬರದು ಒಂದೊಂದು ದಾರಿ ಎಂದು ಈ ಶಿಸ್ತು ತಂದವಳು ನಾನೇ. ಶಿಸ್ತನ್ನು ಕಾಯುವವರು ಸುಶೀಲಾ ಅಕ್ಕೋರು. ಅವರು ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿ ಆಗಿದ್ದವರು. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಅವರು ಕೆಮ್ಮಿದರೆ ಇಂದಿಗೂ ನಮ್ಮ ಬೆನ್ನು ನೆಟ್ಟಗಾಗುತ್ತದೆ.

ನಾನು ಮೊದಲ ಸ್ವರಲಿಪಿ ಕಂಡದ್ದು ನೆಲದ ಮೇಲೆ. ನನಗೆ ಹಾಡು ಕಲಿಸಿದ ಇಂದಿರಾಬಾಯಿಯವರ ಪಡಸಾಲೆಗೆ ಕಪ್ಪು ಫರ್ಸಿ ಕಲ್ಲು ಹಾಸಿತ್ತು. ಈ ಗೋಡೆಯಿಂದ ಆ ಗೋಡೆಗೆ ಎಂಟು ಕಲ್ಲು. ಒಂದು ಕಲ್ಲಿಗೆ ಒಂದು ಮಾತ್ರೆ. ಬೆಳಿಗ್ಗೆ ನೆಲ ಒರೆಸಿ ಒಣಗಿದ ಮೇಲೆ ಅವರು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀಮೆಸುಣ್ಣ ಹಿಡಿದು, ಕಲ್ಲಿನಿಂದ ಕಲ್ಲಿಗೆ ಸರಿಯುತ್ತ ಸ್ವರ ಬರೆಯುತ್ತಿದ್ದರು. ಒಂದೊಂದು ಅಕ್ಷರ ಊಟದ ತಟ್ಟೆಯಷ್ಟು ದೊಡ್ಡದು. ತುಸು ಇಳಿಸಿ ಹಾಡುವ ಕೋಮಲ ಸ್ವರವಾದರೆ ಅಕ್ಷರದ ಕೆಳಗೆ ಒಂದು ಅಡ್ಡಗೆರೆ. ಮೇಲಿನ ಸಪ್ತಕವಾದರೆ ತಲೆಯ ಮೇಲೆ ಚುಕ್ಕೆ, ಕೆಳಗಿನದಾದರೆ ಕಾಲ ಕೆಳಗೆ ಚುಕ್ಕೆ. ನಾವು ಹುಡುಗಿಯರು ಲಂಗ ಎತ್ತಿ ಹಿಡಿದು ಕಲ್ಲಿನಿಂದ ಕಲ್ಲಿಗೆ ಹೆಜ್ಜೆ ಇಡುತ್ತ ಹಾಡಬೇಕು. ತಾಳ ತಪ್ಪಿ ಎರಡು ಕಲ್ಲು ಜಿಗಿದರೆ, “ಯಾರ ಮನಿಗೆ ಓಡಿ ಹೊಂಟಿಯೇ, ತಿರುಗಿ ಬಾ” ಎಂದು ಕೂಗುತ್ತಿದ್ದರು. ಸಂಜೆ ಮನೆಗೆ ಹೋದರೆ ಅಂಗಾಲೆಲ್ಲ ಬೆಳ್ಳಗೆ. ಅವ್ವ ಬಾಗಿಲಲ್ಲೇ ತಂಬಿಗೆ ನೀರು ಇಟ್ಟಿರುತ್ತಿದ್ದಳು. ಆ ಪಡಸಾಲೆಯ ತಂಪು, ಒದ್ದೆ ಸುಣ್ಣದ ವಾಸನೆ. ಹಿತ್ತಲಲ್ಲಿ ಯಾರೋ ಅರಿವೆ ಒಗೆಯುವ ಸಪ್ಪಳವೇ ನಮಗೆ ತಬಲಾ. ಎಂಥ ದಿನಗಳು ಅವು! ಈಗ ಆ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ನೆಲಕ್ಕೆ ಬಿಳಿ ಟೈಲ್ಸ್ ಹಾಕಿದ್ದಾರೆ.

ಆಮೇಲೆ ಅಕ್ಷರ ಸಣ್ಣದಾಗುತ್ತಲೇ ಬಂತು. ನಾನು ಶಾಲೆ ಸೇರಿದಾಗ ಕರಿಹಲಗೆ. ಅನಂತರ ಸೈಕ್ಲೋಸ್ಟೈಲ್ ಪ್ರತಿಗಳು, ಅವುಗಳ ಶಾಯಿ ಬೆರಳಿಗೆ ಹತ್ತಿ ರೊಟ್ಟಿಗೂ ಹತ್ತುತ್ತಿತ್ತು. ಆಮೇಲೆ ಝೆರಾಕ್ಸ್. ನಿವೃತ್ತಿಗೆ ಸ್ವಲ್ಪ ಮೊದಲು ನನ್ನ ಹಳೆಯ ಶಿಷ್ಯೆಯೊಬ್ಬಳು ಸ್ವರಲಿಪಿ ಬರೆಯುವ ಸಾಫ್ಟ್‌ವೇರ್ ಹಾಕಿಕೊಟ್ಟಳು. ಸ್ವರ ಒತ್ತಿದರೆ ತಾನೇ ಮಾತ್ರೆ ಎಣಿಸಿ, ತಾನೇ ಗೆರೆ ಎಳೆದು ಕೊಡುತ್ತದೆ. ನನಗೆ ಅದರ ಹುಚ್ಚು ಹಿಡಿಯಿತು. ಇಡೀ ಹಾಡು ಒಂದೇ ಹಾಳೆಯಲ್ಲಿ ಹಿಡಿಯಬೇಕೆಂದು ಸ್ವರಗಳ ಅಳತೆ ಇಳಿಸುತ್ತ ಇಳಿಸುತ್ತ ಹೋದೆ. ಎರಡನೆಯ ಹಾಳೆ ಎಂದರೆ ಕಮಲಾ ವೈನಿಯ ಫ್ಯಾನಿನ ಗಾಳಿಗೆ ಹಾರುವ ತಾಪತ್ರಯ. ಸಾಸಿವೆ ಚೆಲ್ಲಿದ ಹಾಗೆ ಸ್ವರ ತುಂಬಿದ ಆ ಹಾಳೆಗಳನ್ನು ಕಂಡು ನನಗೆ ಹೆಮ್ಮೆ. ಮಂಡಳಿಯಲ್ಲಿ ಯಾರೂ ಎಂದೂ ತಕರಾರು ತೆಗೆಯಲಿಲ್ಲ.

ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯ ಡಾಕ್ಟರು ನನ್ನ ಶಿಷ್ಯೆಯರ ವಯಸ್ಸಿನ ಹೆಣ್ಣುಮಗಳು. ಚೌಕಳಿ ಚೌಕಳಿ ಗೆರೆಯ ಒಂದು ರಟ್ಟು ಕೊಟ್ಟು, ಎಡಗಣ್ಣು ಮುಚ್ಚಿಸಿದರು.

“ನಡುವಿನ ಚುಕ್ಕಿ ನೋಡ್ರಿ ಅಮ್ಮಾರ. ಸುತ್ತಲಿನ ಗೆರಿ ಹೆಂಗ ಕಾಣತಾವು ಹೇಳ್ರಿ.”

“ಯಾವ ಚುಕ್ಕಿರಿ?” ಎಂದೆ.

ಡಾಕ್ಟರು ಬರೆದುಕೊಂಡರು. ಅವರ ಪೆನ್ನಿನ ಸಪ್ಪಳ ಕೇಳುತ್ತ ನನಗೆ ತಿಳಿಯಿತು, ಅಲ್ಲಿ ಒಂದು ಚುಕ್ಕೆ ಇದೆ. ಕಣ್ಣಿನ ಪರದೆಯ ನಟ್ಟನಡುವೆ ನೀರು ಸೋರುತ್ತಿದೆಯಂತೆ. ತಿಂಗಳಿಗೊಮ್ಮೆ ಕಣ್ಣೊಳಗೇ ಇಂಜೆಕ್ಷನ್ ಕೊಡಬೇಕಂತೆ. ಹೋದದ್ದು ಪೂರ್ತಿ ಬರುವ ಭರವಸೆ ಇಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬಹುದು. ಎಡಗಣ್ಣನ್ನೂ ಕಾಯುತ್ತಿರಬೇಕು. “ಸಣ್ಣ ಅಕ್ಷರ ಓದೂದು ಕಷ್ಟ ಆಗಬಹುದು” ಎಂದರು. ನನಗೆ ಉಳಿದ ಯಾವ ಮಾತೂ ಕೇಳಿಸಲಿಲ್ಲ, ಅದೊಂದೇ ಕೇಳಿಸಿತು.

ವಾಪಸು ಬರುವಾಗ ಬಸ್ಸಿನಲ್ಲಿ ಮನೆಯವರು ಎಲ್ಲವನ್ನೂ ಮಾತಾಡಿದರು, ಕಣ್ಣೊಂದನ್ನು ಬಿಟ್ಟು. ಉಣಕಲ್ ಕೆರೆಯಲ್ಲಿ ನೀರೆಷ್ಟು ಇದೆ, ರಸ್ತೆಯ ಇಳಿಜಾರು ಎಲ್ಲಿ ತಪ್ಪಾಗಿದೆ, ಮೊದಲು ಇಲ್ಲಿ ಎಷ್ಟು ಹುಣಸೆ ಮರ ಇದ್ದವು. ಗಂಟಲು ಒಣಗಿದ ಮೇಲೆ ಸುಮ್ಮನಾದರು. ನನ್ನ ತಂಗಿಗೆ ಫೋನಿನಲ್ಲಿ ಹೇಳಿದರೆ ಅವಳು ನನ್ನನ್ನೇ ತರಾಟೆಗೆ ತೆಗೆದುಕೊಂಡಳು. “ಮೊಬೈಲ್ ತಿಕ್ಕಿ ತಿಕ್ಕಿ ಹಿಂಗಾಗೇತಿ. ದಿನಾ ಗಜ್ಜರಿ ತಿನ್ನ. ಹೊನಗೊನಿ ಸೊಪ್ಪ ತಿನ್ನ.” ಒಂದು ವಾರ ನಮ್ಮ ಮನೆಯಲ್ಲಿ ಗಜ್ಜರಿಯ ಪಲ್ಯ, ಗಜ್ಜರಿಯ ಕೋಸಂಬರಿ, ಗಜ್ಜರಿಯ ಹಲ್ವಾ. ಮನೆಯವರು ಕೈ ಮುಗಿದು, “ನನ್ನ ಕಣ್ಣ ಛಲೋ ಅದಾವು, ನನಗ ಬದನೀಕಾಯಿ ಮಾಡ” ಎಂದರು.

ಮೊದಲ ಇಂಜೆಕ್ಷನ್ನಿನ ದಿನ ಬೆಂಚಿನ ಮೇಲೆ ಸಾಲಾಗಿ ಕೂರಿಸಿದರು. ಎಲ್ಲರಿಗೂ ಹಸಿರು ಟೊಪ್ಪಿಗೆ. ಯಾವ ಕಣ್ಣೆಂದು ತಪ್ಪಬಾರದಲ್ಲ, ಆ ಕಣ್ಣಿನ ಹುಬ್ಬಿನ ಮೇಲೆ ಒಂದು ಸಣ್ಣ ಸ್ಟಿಕ್ಕರು. ನರ್ಸು ಬಂದು ಬಂದು ಹನಿ ಬಿಡುತ್ತಿದ್ದಳು. ಒಬ್ಬರಿಗೊಬ್ಬರು ಮಸುಕು ಮಸುಕಾಗಿ ಕಾಣುವ ಜನ, ಎಲ್ಲರೂ ಹೆಸರು ಕೂಗುವುದನ್ನೇ ಕಾಯುತ್ತ ಕೂತಿದ್ದೆವು. ಪಕ್ಕದಲ್ಲಿ ಶಿರಗುಪ್ಪಿಯ ನಿಂಗವ್ವ ಎಂಬ ಮುದುಕಿ, ಕಚ್ಚೆ ಸೀರೆ ಉಟ್ಟು, ಕಾಲು ಮೇಲೆತ್ತಿ ಆರಾಮಾಗಿ ಕೂತಿದ್ದಳು.

“ಏನವಾ, ಮದ್ಲನೇ ಸರ್ತಿ ಏನ?”

“ಹೌದಬೇ. ಹೆಂಗ ಗೊತ್ತಾತು?”

“ಬೆಂಚ ಹಿಡದ ಕುಂತೀಯಲ್ಲ. ಅದೆಲ್ಲೂ ಓಡಿ ಹೋಗಂಗಿಲ್ಲ, ಬಿಡ.” ಆಮೇಲೆ ಸ್ವಲ್ಪ ಬಗ್ಗಿ, “ಮೆಣಸಿನಕಾಯಿ ಬಿಡಿಸಿದ ಕೈಲೆ ಕಣ್ಣ ಮುಟಿಗೊಂಡಿರ್ತೀವಲ್ಲ, ಅಷ್ಟ ನೋಡ. ಹಡಿಯೂದಕ್ಕಿಂತ ಎಷ್ಟೋ ಹಗೂರ. ಒಳಗ ಹೋದಮ್ಯಾಗ ಡಾಕ್ಟರ್ ಎಲ್ಲಿ ನೋಡಂತಾರ ಅಲ್ಲೆ ನೋಡ. ನಾ ಮದ್ಲ ಸೂಜಿ ನೋಡಾಕ ಹೋಗಿದ್ನಿ, ಬೈಸಿಗೊಂಡ್ನಿ.”

ನಾನು ಜೋರಾಗಿ ನಕ್ಕೆ. ಟೊಪ್ಪಿಗೆ ಜಾರಿತು. ನರ್ಸು ಗದರಿಸಿದಳು. ಒಳಗೆ ನಡೆದದ್ದು ನಿಂಗವ್ವ ಹೇಳಿದಷ್ಟೇ, ಅದಕ್ಕಿಂತ ಒಂದು ಗುಂಜಿ ಹೆಚ್ಚು. ಸೂಜಿ ಚುಚ್ಚುವ ಗಳಿಗೆಗಿಂತ ಅದಕ್ಕೂ ಮೊದಲು ಕಣ್ಣು ಅಲುಗದಂತೆ ಕ್ಲಿಪ್ಪು ಹಾಕುವಾಗ ಜೀವ ಬಾಯಿಗೆ ಬಂದಿತ್ತು. ಹೊರಗೆ ಬಂದಾಗ ನಿಂಗವ್ವ ತನ್ನ ಗಂಟು ಬಿಚ್ಚಿ ಒಂದು ಶೇಂಗಾ ಉಂಡೆ ನನ್ನ ಅಂಗೈಯಲ್ಲಿಟ್ಟಳು. ಅವಳ ಮುಖ ನನಗೆ ಇಂದಿಗೂ ಸರಿಯಾಗಿ ಗೊತ್ತಿಲ್ಲ, ದನಿ ಗೊತ್ತಿದೆ. ನಿಮ್ಮಲ್ಲಿ ಯಾರಾದರೂ ನಾಳೆ ಅಂಥ ಬೆಂಚಿನ ಮೇಲೆ ಕೂರುವವರಿದ್ದರೆ, ಪಕ್ಕದವರನ್ನು ಮಾತಾಡಿಸಿ. ಇದನ್ನು ಓದಲಾಗದಿದ್ದರೆ ಯಾರಿಂದಲಾದರೂ ಓದಿಸಿಕೊಳ್ಳಿ. ನಾನೂ ಹಾಗೇ ಮಾಡುತ್ತೇನೆ, ಅದರಲ್ಲಿ ನಾಚಿಕೆ ಏನಿಲ್ಲ.

ಹೀಗೆ ಬರೆಯುವುದು ಸುಲಭ. ಆಗ ನನಗೆ ನಾಚಿಕೆಯೇ ಆಗುತ್ತಿತ್ತು. ಮಂಡಳಿಗೆ “ಕಣ್ಣಿಗೆ ಸ್ವಲ್ಪ ಉರಿ, ಹನಿ ಹಾಕ್ಕೋಳ್ಳಾಕತ್ತೇನಿ” ಎಂದಷ್ಟೇ ಹೇಳಿದ್ದೆ. ದಸರೆಗೆ ಓಣಿಯ ಗಣಪತಿ ಗುಡಿಯಲ್ಲಿ ನಮ್ಮ ಹಾಡು ಇತ್ತು. ಅದಕ್ಕೆಂದು ಇಂದಿರಾಬಾಯಿ ಕಟ್ಟಿದ ಒಂದು ಭಜನೆಯ ಧಾಟಿ ಎತ್ತಿಕೊಂಡಿದ್ದೆವು. ಅದನ್ನು ನಾನು ಅವರಲ್ಲಿ ನೇರವಾಗಿ ಕಲಿತಿರಲಿಲ್ಲ. ಅವರ ಹಿರಿಯ ಶಿಷ್ಯೆಯೊಬ್ಬರು ತೀರಿಕೊಳ್ಳುವ ಮೊದಲು ಒಂದು ಮಧ್ಯಾಹ್ನ ಹಾಡಿ ತೋರಿಸಿದ್ದರು. ಆಗ ಟೈಪ್ ಮಾಡಿ ಇಟ್ಟುಕೊಂಡದ್ದು. ಹಾಡಿನ ತುಂಬ ಶುದ್ಧ ಗಾಂಧಾರ, ಅಡ್ಡಗೆರೆ ಇಲ್ಲದ ಗ. ಎಲ್ಲ ಹಸನಾಗಿ ನಡೆಯುತ್ತಿದೆ ಎಂದೇ ನಾನು ತಿಳಿದಿದ್ದೆ.

ಬಲಗಣ್ಣಿನ ಮಸುಕು ಎಡಗಣ್ಣಿನ ನೋಟಕ್ಕೂ ಅಡ್ಡ ಬಂದು ಓದುವುದು ಕಷ್ಟವಾಗುತ್ತ ಬಂದಾಗ ಮನೆಯವರು ಒಂದು ಸಂಜೆ ಕಂಪ್ಯೂಟರಿನ ಮುಂದೆ ಕೂತರು. ಇವರಿಗೆ ಸಂಗೀತ ಎಂದರೆ ಅಷ್ಟಕ್ಕಷ್ಟೆ. ಲಗ್ನವಾದ ಹೊಸದರಲ್ಲಿ ನಾನು ಹಾಡಿನ ರಿಯಾಜಿಗೆ ಕೂತರೆ ಇವರು ಸೈಕಲ್ ಹತ್ತಿ ಕಾಯಿಪಲ್ಯ ತರಲು ಹೋಗುತ್ತಿದ್ದರು. ನನ್ನ ರಿಯಾಜಿನಿಂದಾಗಿಯೇ ನಮ್ಮ ಮನೆಯಲ್ಲಿ ಎಂದೂ ಕಾಯಿಪಲ್ಯಕ್ಕೆ ಕೊರತೆ ಆಗಲಿಲ್ಲ. ಅಂಥವರು ಚಾಳೀಸು ಏರಿಸಿಕೊಂಡು ಕೇಳಿದರು.

“ಅಳತಿ ಎಲ್ಲೆ ಬದಲ ಮಾಡಬೇಕ ಹೇಳ. ದೊಡ್ಡದು ಮಾಡಿ ಬಿಸಾಕತೇನಿ. ಕಾಲವಿ ನಕ್ಷಾ ಮಾಡಿದಾವಾ, ಇದೇನ ಮಹಾ.”

ಅಕ್ಷರದ ಅಳತೆಯನ್ನು ಸರಿಸಿದರು. ಸ್ವರಗಳು ಉಬ್ಬಿದವು. ಸ, ರಿ, ಗ, ಮ ಎಲ್ಲ ಹಪ್ಪಳದ ಹಾಗೆ ಅರಳಿದವು. ನನಗೆ ಖುಷಿಯೋ ಖುಷಿ. ಆದರೆ ಹಾಡಲು ಹೋದರೆ ಎಲ್ಲವೂ ಅಧ್ವಾನ. ಅಕ್ಷರ ದೊಡ್ಡದಾಗಿತ್ತು, ಚುಕ್ಕೆ ಮತ್ತು ಅಡ್ಡಗೆರೆ ಇದ್ದಷ್ಟೇ ಸಣ್ಣಗೆ ಉಳಿದಿದ್ದವು. ಮೇಲಿನ ಸ, ಕೆಳಗಿನ ಸ, ನನ್ನ ಕಣ್ಣಿಗೆ ಎರಡೂ ಒಂದೇ. ಸಾಲದ್ದಕ್ಕೆ ಎಂಟು ಮಾತ್ರೆಯ ಒಂದು ಆವರ್ತನ ಒಂದು ಸಾಲಿನಲ್ಲಿ ಹಿಡಿಯದೆ ಎಲ್ಲೆಂದರಲ್ಲಿ ಮುರಿದು ಮುಂದಿನ ಸಾಲಿಗೆ ಬಿದ್ದಿತ್ತು. ಐದು ಮಾತ್ರೆ ಮೇಲೆ, ಮೂರು ಕೆಳಗೆ. ತಾಳ ಎಲ್ಲಿ ಶುರುವಾಗುತ್ತದೆ ಎಂದು ಹುಡುಕುವುದರಲ್ಲೇ ಉಸಿರು ಮುಗಿಯುತ್ತಿತ್ತು.

“ಚುಕ್ಕಿಗೂ ಗೆರಿಗೂ ಬ್ಯಾರೆ ಅಳತಿ ಇರಬೇಕ್ರಿ, ಹುಡುಕ್ರಿ,” ಎಂದೆ.

ಅವರು ಹುಡುಕುತ್ತ ಪರದೆಗೆ ಮೂಗು ಹಚ್ಚಿ ಕೂತಿದ್ದರು. ಒಮ್ಮೆಲೆ ಕೇಳಿದರು. “ಗಿರಿಜಾ, ಕಡೀ ಸಾಲಿನಾಗ ಈ ಒಂದ ಗ ಕೆಳಗ ಗೆರಿ ಐತಲ್ಲ, ಬ್ಯಾರೆ ಯಾವ ಗಕ್ಕೂ ಇಲ್ಲ. ತಪ್ಪ ಬಿದ್ದೈತೇನ? ತಗೀಲೇನ?”

“ಮುಟ್ಟಬ್ಯಾಡ್ರಿ!” ಎಂದು ಕೂಗಿದೆ.

ತಪ್ಪಿ ಬಿದ್ದ ಗೆರೆಯಲ್ಲ ಅದು. ಹಾಡಿನ ತುಂಬ ಶುದ್ಧ ಗಾಂಧಾರ ಹಾಡಿ ಹಾಡಿ, ಕಡೆಯ ಸಾಲಿನಲ್ಲಿ ಒಂದೇ ಒಂದು ಸಲ ಕೋಮಲ ಗಾಂಧಾರ. ಆ ಧಾಟಿಯ ಜೀವ ಅಲ್ಲಿದೆ. ಆ ಹಿರಿಯ ಶಿಷ್ಯೆ ಅಂದು ಆ ಜಾಗಕ್ಕೆ ಬಂದು ತುಸು ನಿಂತು, ನನ್ನ ಮುಖ ನೋಡಿ ನಕ್ಕದ್ದು ಈಗ ನೆನಪಾಯಿತು. ಆ ಸಣ್ಣ ಗೆರೆ ಕಣ್ಣಿಗೆ ಬೀಳದೆ ನಾನು ವಾರಗಟ್ಟಲೆ ಅಲ್ಲಿ ಶುದ್ಧ ಗಾಂಧಾರ ಬಾರಿಸಿದ್ದೆ, ಹಾಡಿದ್ದೆ. ಹಾಡನ್ನು ಸಪ್ಪೆ ಸಾರು ಮಾಡಿ ಇಟ್ಟಿದ್ದೆ.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು. ಹಾಳೆ ಎಲ್ಲರ ಕೈಯಲ್ಲಿತ್ತು. ಅಡ್ಡಗೆರೆ ಎಲ್ಲರ ಹಾಳೆಯಲ್ಲೂ ಇತ್ತು. ಸುಶೀಲಾ ಅಕ್ಕೋರು ಅಲ್ಪವಿರಾಮ ತಪ್ಪಿದರೂ ನೋಟೀಸು ತಿರುಗಿಸಿ ಕಳಿಸುತ್ತಿದ್ದವರು. ಒಬ್ಬರಾದರೂ “ಗಿರಿಜಾ, ಇಲ್ಲಿ ಕೋಮಲ ಐತಲ್ಲ” ಅನ್ನಲಿಲ್ಲ. ಅಂದರೆ ಅವರಿಗೆಲ್ಲ ನನ್ನ ಕಣ್ಣಿನ ಸುದ್ದಿ ಗೊತ್ತಾಗಿದೆ. ಪಾಪ, ಹೋಗಲಿ, ಎಷ್ಟು ದಿನ ಹಾಡುತ್ತಾಳೆ ಹಾಡಲಿ ಎಂದು ಬಿಟ್ಟಿದ್ದಾರೆ. ತಪ್ಪನ್ನೇ ಹಾಡಿ ನನ್ನ ಮರ್ಯಾದೆ ಕಾಯುತ್ತಿದ್ದಾರೆ. ಹಾಗೆಂದುಕೊಂಡ ಮೇಲೆ ಆ ಸಂಜೆ ನನಗೆ ಊಟ ಸೇರಲಿಲ್ಲ. ಬೈಸಿಕೊಂಡರೆ ತಡೆಯಬಹುದು. ಕನಿಕರ ತಡೆಯಲು ಆಗುವುದಿಲ್ಲ.

“ಪೇಟಿ ಬಿಟ್ಟ ಬಿಡತೇನ್ರಿ,” ಎಂದೆ.

“ಬಿಡುವಂತಿ. ಮದ್ಲ ಈ ಕೆಲಸ ಮುಗಸೂಣು,” ಎಂದರು ಮನೆಯವರು. “ಖರೇ ಹೇಳ, ನಿನಗ ಓದಾಕ ಆರಾಮ ಅನಿಸಿದ್ದು ಯಾವಾಗ? ಹೆಂಗ ಬರದಿತ್ತು ಅದು?”

ನಾನು ಇಂದಿರಾಬಾಯಿಯ ಫರ್ಸಿ ನೆಲದ ಕತೆ ಹೇಳಿದೆ. ಇಷ್ಟು ವರ್ಷ ಸಂಸಾರ ಮಾಡಿದರೂ ಅದನ್ನು ಇವರಿಗೆ ಹೇಳಿರಲಿಲ್ಲ. ಇವರು ಕೇಳಿರಲೂ ಇಲ್ಲ. ಪೂರ್ತಿ ಕೇಳಿಸಿಕೊಂಡು, ಒಂದು ಹಾಳೆಯ ಮೇಲೆ ಪೆನ್ಸಿಲಿನಿಂದ ಎಂಟು ಚೌಕ ಎಳೆದರು. ಹಾಳೆಯನ್ನು ಅಡ್ಡ ತಿರುಗಿಸಿದರು. ಒಂದು ಸಾಲಿಗೆ ಎಂಟೇ ಮಾತ್ರೆ, ಪ್ರತಿ ಮಾತ್ರೆಗೂ ಒಂದೇ ಅಗಲದ ಮನೆ. ಸಾಲು ಮುರಿಯಬಾರದು, ಹಾಳೆ ಎಷ್ಟಾದರೂ ಆಗಲಿ. ಗೆರೆ, ಚುಕ್ಕೆಗಳ ಅಳತೆಯ ಜಾಗ ಕಡೆಗೂ ಸಿಕ್ಕಿತು. ಅಡ್ಡಗೆರೆಯನ್ನು ತೊಲೆಯಷ್ಟು ದಪ್ಪ ಮಾಡಿದರು. ಒಂದು ಹಾಳೆಯ ಹಾಡು ಐದು ಹಾಳೆಯಾಯಿತು. ಅವನ್ನು ರಟ್ಟಿಗೆ ಅಂಟಿಸಿ, ಗಾಳಿಗೆ ಹಾರದಂತೆ ಅರಿವೆ ಒಣಹಾಕುವ ಚಿಮಟಿಯಿಂದ ಸಿಕ್ಕಿಸಿದರು. ನಾನು ಓದಿದೆ. ಬಲಗಣ್ಣಿನ ಮಸುಕು ಇತ್ತು, ಆದರೆ ಅದರ ಪಕ್ಕದಿಂದ ಸ್ವರ ಕಾಣುತ್ತಿತ್ತು. ಕಡೆಯ ಸಾಲಿಗೆ ಬಂದು ಕೋಮಲ ಗಾಂಧಾರ ಹಾಡಿದಾಗ ಕಣ್ಣೀರು ಬಂತು. ಮನೆಯವರು ಗಾಬರಿಯಾಗಿ, “ಹನಿ ಹಾಕೂ ಹೊತ್ತಾತೇನ?” ಎಂದರು.

ಗುರುವಾರ ಮಂಡಳಿಗೆ ಹೋಗುವಾಗ ಎಲ್ಲರಿಗೂ ಒಂದೊಂದು ಪ್ರತಿ ಮಾಡಿಸಿಕೊಂಡು ಹೋದೆ. ಸರಿಯಾದ ಹಾಡನ್ನು ಕೈಗಿತ್ತು, ನಾನು ಹಿಂದೆ ಸರಿಯುವುದೆಂದು ಗಟ್ಟಿ ಮನಸ್ಸು ಮಾಡಿದ್ದೆ. ಕಮಲಾ ವೈನಿ ಅವಲಕ್ಕಿ ಒಗ್ಗರಣೆ ಹಾಕಿದ್ದರು. ಎಲ್ಲರೂ ತಿಂದು ಕೈ ತೊಳೆದು ಕೂತ ಮೇಲೆ ನಾನು ಪೇಟಿ ತೆರೆಯದೆ ಮಾತು ತೆಗೆದೆ.

“ನನ್ನ ಕಣ್ಣ ಹೋಗಾಕತ್ತೈತಿ. ನಿಮಗ ಗೊತ್ತೈತಿ ಅಂತ ನನಗೂ ಗೊತ್ತೈತಿ. ಇಷ್ಟ ದಿನಾ ತಪ್ಪ ಹಾಡಿಸೇನಿ, ನೀವ ಸುಮ್ಮನ ನಡಸ್ಕೊಂಡ ಬಂದೀರಿ. ಉಪಕಾರಾತು. ಇನ್ನ ಪೇಟಿ ಬ್ಯಾರೆಯವರ ಬಾರಸ್ರಿ.”

ಫ್ಯಾನು ತಿರುಗುತ್ತಿತ್ತು. ಕಮಲಾ ವೈನಿ ತಮ್ಮ ಕೈಯಲ್ಲಿದ್ದ ಹೊಸ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡುತ್ತಿದ್ದರು.

“ಗಿರಿಜಾ, ಈ ಗ ಬುಡಕ ಕರೇ ಪಟ್ಟಿ ಐತಲ್ಲ. ಇದು ಮದ್ಲ ಇತ್ತೇನ?”

“ಇತ್ತಲ್ರಿ ವೈನಿ. ಮದ್ಲಿನ ಹಾಳ್ಯಾಗೂ ಇತ್ತು.”

“ಅಯ್ಯ ಶಿವನ! ನನಗ ಆ ಹಾಳ್ಯಾಗ ಗೆರಿ ಹಾಳಾಗಲಿ, ಅಕ್ಷರನ ಕಾಣತಿದ್ದಿಲ್ಲ. ಇರವಿ ಸಾಲ ಹೊಂಟಂಗ ಕಾಣತಿತ್ತು.”

“ಮತ್ತ ಹೆಂಗ ಹಾಡತಿದ್ರಿ?”

“ನಿನ್ನ ಬೆರಳ ನೋಡಿ ಹಾಡತಿದ್ದೆ. ಹಾಳಿ ಸುಮ್ಮನ ಹಿಡ್ಕೊಂಡಿರ್ತಿದ್ದೆ. ಹಿಡಕೊಳ್ಳಲಿಲ್ಲಂದ್ರ ಅಕ್ಕೋರು ಬೈತಾರಂತ.”

ಮೂಲೆಯಿಂದ ಒಂದು ದನಿ, “ನಾನೂ ಹಂಗ.” ಇನ್ನೊಂದು, “ನನಗ ಸಕ್ರಿ ಬ್ಯಾನಿ ಬಂದಾಗಿಂದ ಮಬ್ಬ ಮಬ್ಬ.” ಮತ್ತೊಬ್ಬರು ಕಣ್ಣಿನಲ್ಲಿ ಮೋತಿಬಿಂದುವಿನ ಪೊರೆ ಬೆಳೆದಿದೆ, ಆಪರೇಶನ್ನಿಗೆ ಅಂಜಿ ಮುಂದೂಡುತ್ತಿದ್ದೇನೆ ಎಂದರು. ಒಬ್ಬೊಬ್ಬರಾಗಿ ಇಡೀ ಮಂಡಳಿ ಬಾಯಿಬಿಟ್ಟಿತು. ನನ್ನ ಕಣ್ಣಿನ ವಿಷಯ ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ! ನಾನು ಹಾಳೆ ನೋಡಿ ತಪ್ಪು ಬಾರಿಸಿದರೆ, ಇವರೆಲ್ಲ ನನ್ನ ಬೆರಳು ನೋಡಿ ಆ ತಪ್ಪನ್ನೇ ನಂಬಿ ಹಾಡುತ್ತಿದ್ದರು. ಕುರುಡರ ಮುಂದೆ ಕುರುಡಿ ಪೇಟಿ ಹಿಡಿದು ಕೂತಿದ್ದಳು. ಮೊದಲು ಕಮಲಾ ವೈನಿ ನಕ್ಕರು, ಆಮೇಲೆ ನಾನು, ಆಮೇಲೆ ಯಾರು ಯಾರ ಮೇಲೆ ಬಿದ್ದು ನಗುತ್ತಿದ್ದೇವೆ ಎಂದು ತಿಳಿಯದಂತಾಯಿತು.

ನಗದೆ ಕೂತವರು ಸುಶೀಲಾ ಅಕ್ಕೋರು ಒಬ್ಬರೇ.

“ಕಾಣದಿದ್ರ ಹೇಳ್ಲಿಕ್ಕೆ ಏನಾಗಿತ್ತು ನಿಮಗ? ಸಣ್ಣ ಹುಡುಗರೇನು ನೀವು?” ಎಂದು ಗದರಿಸಿದರು. ಎಲ್ಲರೂ ಬಾಯಿ ಮುಚ್ಚಿಕೊಂಡೆವು. “ಗಿರಿಜಾ, ಪೇಟಿ ತಗಿ. ನೀ ಬಿಟ್ರ ಇವರು ಯಾರ ಬೆರಳು ನೋಡಬೇಕು? ಕಣ್ಣಿಗೆ ಆಗೋದು ಆಗ್ತದ, ಬೆರಳಿಗೆ ಏನಾಗ್ಯದ?”

ಪೇಟಿ ತೆಗೆದೆ. ಮೊದಲ ಸಲ ಎಲ್ಲರೂ ನಿಜವಾಗಿ ಹಾಳೆ ನೋಡಿ ಹಾಡಿದರು ಎಂದುಕೊಂಡೆ. ಕಡೆಯ ಸಾಲು ಬಂತು; ಆ 'ಗ'ದ ಮೇಲೆ ದನಿಗಳೆಲ್ಲ ಒಟ್ಟಿಗೆ ಮೆಲ್ಲಗೆ ಇಳಿದವು. ಹಾಡು ಮುಗಿದ ಮೇಲೂ ಯಾರೂ ಹಾಳೆ ಕೆಳಗಿಡಲಿಲ್ಲ. “ಇಂದಿರಾಬಾಯಿ ಎಂಥಾ ಶ್ಯಾಣ್ಯಾ ಹೆಣ್ಣಮಗಳ, ಹೌದಿಲ್ಲೋ” ಎಂದರು ಕಮಲಾ ವೈನಿ. ನನ್ನ ಎದೆಯ ಮೇಲಿದ್ದ ಗುಂಡುಕಲ್ಲು ಅಂದು ಆ ಹಾಲಿನಲ್ಲೇ ಉಳಿಯಿತು.

ಎಲ್ಲರೂ ಹೊರಟ ಮೇಲೆ ನಾನು ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದೆ. ಸುಶೀಲಾ ಅಕ್ಕೋರು ಹಿಂದೆ ಉಳಿದಿದ್ದರು. ಒಳಗೆ ವೈನಿ ಪಾತ್ರೆ ತೊಳೆಯುವ ಸಪ್ಪಳ. ಅಕ್ಕೋರು ಒಮ್ಮೆ ಹಿಂದೆ ನೋಡಿ, ದನಿ ತಗ್ಗಿಸಿದರು. ಅವರ ದನಿ ತಗ್ಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

“ಗಿರಿಜಾ, ಈ ಅಕ್ಷರ ಇನ್ನೂ ಸ್ವಲ್ಪ ದೊಡ್ಡದು ಆಗ್ತದೇನು?”

“ಆಗತೈತ್ರಿ. ಎಷ್ಟ ದೊಡ್ಡದು ಬೇಕ್ರಿ?”

ಅವರು ಹಾಳೆಯನ್ನು ಮುಖದ ಹತ್ತಿರಕ್ಕೆ ತಂದರು. ಆಮೇಲೆ ಅಂದರು, “ನನಗ ಹಾಳಿ ಬೆಳ್ಳಗದ ಅನ್ನೋದು ಅಷ್ಟ ಕಾಣ್ತದ.”

ಒಂದು ಕಣ್ಣು ಹೋಗಿ ವರ್ಷವೇ ಆಗಿದೆಯಂತೆ, ಇನ್ನೊಂದೂ ಈಗ ಹಾಗೇ ಆಗುತ್ತಿದೆಯಂತೆ. ಮನೆಯಲ್ಲಿ ಹೇಳಿಲ್ಲ, ಆಸ್ಪತ್ರೆಗೆ ಹೋಗಿಲ್ಲ. ಹಾಡೆಲ್ಲ ಕಿವಿಯಿಂದಲೇ ಹಿಡಿದು ಹಾಡುತ್ತಿದ್ದರು. ಓಣಿಯಲ್ಲಿ ಎದುರಿಗೆ ಬಂದರೂ ಮಾತಾಡಿಸದೆ ಹೋಗುತ್ತಾರೆ, ಅಕ್ಕೋರಿಗೆ ಇನ್ನೂ ಸೊಕ್ಕು ಇಳಿದಿಲ್ಲ ಎಂದು ನಾವೆಲ್ಲ ಬೆನ್ನ ಹಿಂದೆ ಆಡಿಕೊಂಡಿದ್ದೆವು.

“ಸೋಮವಾರ ನನ್ನ ಕಣ್ಣಿಗೆ ಸೂಜಿ ಮಾಡೂ ಪಾಳಿ ಐತ್ರಿ. ನನ್ನ ಜೋಡಿ ಹುಬ್ಬಳ್ಳಿಗೆ ಬರ್ರಿ,” ಎಂದೆ.

“ಆ ಸೂಜಿ… ಭಾಳ ನೋವಾಗ್ತದೇನು?”

“ಇಲ್ಲ ಅಂದ್ರ ಸುಳ್ಳ ಹೇಳಿದಂಗ ಆಕ್ಕತ್ರಿ. ನೋವು ಸ್ವಲ್ಪ, ಅಂಜಿಕಿ ಭಾಳ. ನಾ ಬಾಜೂಕ ಕುಂತಿರ್ತೇನಿ.”

ಅವರು ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದರು. ಸೋಮವಾರ ಬೆಳಿಗ್ಗೆ ನಾನು ಬಸ್ ನಿಲ್ದಾಣಕ್ಕೆ ಹೋದರೆ ನನಗಿಂತ ಮೊದಲೇ ಬಂದು ನಿಂತಿದ್ದರು. ಇಳಕಲ್ ಸೀರೆ ಉಟ್ಟು, ತಲೆ ನುಣ್ಣಗೆ ಬಾಚಿ, ಶಾಲೆಗೆ ಇನ್‌ಸ್ಪೆಕ್ಟರ್ ಬರುವ ದಿನ ಹೊರಡುತ್ತಿದ್ದ ಹಾಗೆಯೇ. ಬಸ್ಸು ಹತ್ತುವಾಗ ನನ್ನ ಕೈ ಹಿಡಿದವರು ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಮೇಲೂ ಬಿಡಲಿಲ್ಲ.

ಬಹಳ ಹೊತ್ತಿನ ಮೇಲೆ ನರ್ಸು ಬಾಗಿಲು ತೆರೆದು, “ಸುಶೀಲಾ ಯಾರ್ರಿ?” ಎಂದು ಕೂಗಿದಳು.

ಜೀವಮಾನವೆಲ್ಲ ಪರರ ಮಕ್ಕಳ ಹೆಸರು ಕೂಗಿದ ಅಕ್ಕೋರು ತಟಕ್ಕನೆ ಎದ್ದು ನಿಂತು, ಕೈ ಕಟ್ಟಿಕೊಂಡು, “ಹಾಜರ್” ಎಂದರು.